ಓದುಗರ ಪ್ರಶ್ನೆ, ನಮ್ಮ ಉತ್ತರ: ಒಂದೇ ಒಂದು ಎಲೆಕ್ಷನ್ ಕಂಡ ಕೊಡಗು ಲೋಕಸಭಾ ಕ್ಷೇತ್ರ

ಹೋದ ಸಂಚಿಕೆಲಿ ಕ್ಷೇತ್ರ ಮರುವಿಂಗಡಣೆ ಬಗ್ಗೆ ಬಂದಿದ್ದ ಪ್ರಶ್ನೆಗೆ ಉತ್ತರ ಬರೀತಾ, ಮಾತಿಗೆ ಮಾತು ಬಂದು, ಕೊಡಗಿಗೂ ಒಂದು ಕಾಲದಲ್ಲಿ ಅದರದೇ ಎಂಪಿ ಇದ್ರು ಅಂತ ಒಂದು ಲೈನ್ ಹಾಕಿದ್ದೆ. ಅದೊಂದು ಲೈನಿಗೆ ಬಂದಷ್ಟು ಪತ್ರ ಉಳಿದ ಪುಟಕ್ಕೆಲ್ಲ ಸೇರಿಸಿದ್ರೂ ಬಂದಿಲ್ಲ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ ಮೀಸಲು, ಕಾಫಿ ರೇಟು ಮತ್ತು ಪಾಸ್‌ಪೋರ್ಟ್ ಬಗ್ಗೆ ಕೇಳಿದವರು ಒಂದು ತಿಂಗಳು ಕ್ಷಮಿಸಬೇಕು.

ಪ್ರಶ್ನೆ: ಸಾರ್, ನನಗೆ ವೋಟ್ ಬಂದಾಗಿಂದ ನಾವು ಮಂಗಳೂರು ಎಂಪಿಗೆ ವೋಟ್ ಹಾಕ್ತಿದ್ವಿ, ಈಗ ಮೈಸೂರು ಎಂಪಿಗೆ ಹಾಕ್ತೀವಿ. ಕೊಡಗಿಗೇ ಅಂತ ಎಂಪಿ ಇದ್ದದ್ದು ಯಾವಾಗ? ನಮ್ಮ ಮನೇಲಿ ಹಿರಿಯರಿಗೂ ಸರಿಯಾಗಿ ನೆನಪಿಲ್ಲ. (ಕುಶಾಲನಗರದಿಂದ)

ನೆನಪಿಲ್ಲದೆ ಇರೋದ್ರಲ್ಲಿ ಆಶ್ಚರ್ಯ ಏನಿಲ್ಲ ಬಿಡಿ, ಯಾಕಂದ್ರೆ ಆ ಕ್ಷೇತ್ರಕ್ಕೆ ನಡೆದ ಜನರಲ್ ಎಲೆಕ್ಷನ್ನೇ ಒಂದು. 1951-52ರ ಮೊದಲ ಮಹಾಚುನಾವಣೇಲಿ ಕೊಡಗಿನಿಂದ ಕಾಂಗ್ರೆಸ್ಸಿನ ನಿಡ್ಯಮಲೆ ಸೋಮಣ್ಣ ಗೆದ್ದು ದಿಲ್ಲಿಗೆ ಹೋದ್ರು, 1957ರಲ್ಲಿ ಎರಡನೇ ಚುನಾವಣೆ ಬರೋ ಹೊತ್ತಿಗೆ ಕ್ಷೇತ್ರವೇ ಇರ್ಲಿಲ್ಲ. ಅಂದ್ರೆ ಕೊಡಗು ಕ್ಷೇತ್ರದ ಎಂಪಿಗಳ ಪಟ್ಟಿ ಅಂತ ಮಾಡಿದ್ರೆ ಅದರಲ್ಲಿ ಇರೋದು ಒಂದೇ ಹೆಸರು.

ಇದು ಅರ್ಥ ಆಗ್ಬೇಕು ಅಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನ ಇಳಿಸಿ ಕೊಡಗನ್ನ ತಮ್ಮ ಕೈಗೆ ತಗೊಂಡ್ರಲ್ಲ, ಆವಾಗ ಅದನ್ನ ಮೈಸೂರಿಗೂ ಸೇರಿಸ್ಲಿಲ್ಲ, ಮದ್ರಾಸಿಗೂ ಸೇರಿಸ್ಲಿಲ್ಲ (ಕೆಳಗಿನ ಪುತ್ತೂರು ಸುಳ್ಯದ ಕಡೆಯ ಒಂದಷ್ಟು ಮಾಗಣೆಗಳನ್ನ, ಅಂದ್ರೆ ಊರುಗಳ ಗುಂಪುಗಳನ್ನ ಮಾತ್ರ ಕಿತ್ತು ದಕ್ಷಿಣ ಕನ್ನಡಕ್ಕೆ ಹಾಕಿದ್ರು). ಚೀಫ್ ಕಮಿಷನರ್ ಪ್ರಾಂತ್ಯ ಅಂತ ಬೇರೆಯೇ ಇಟ್ರು. 1924ರಿಂದ ಕೊಡಗಿಗೆ ಒಂದು ಲೆಜಿಸ್ಲೇಟಿವ್ ಕೌನ್ಸಿಲ್ ಕೂಡ ಇತ್ತು. ಸಂವಿಧಾನ ಸಭೆಲೂ ಕೊಡಗಿಗೆ ಅಂತಲೇ ಒಂದು ಸೀಟಿತ್ತು, ಅಲ್ಲಿ ಕೂತವರು ಚೆಪ್ಪುಡಿರ ಮುತ್ತಣ್ಣ ಪೂಣಚ್ಚ, ಎಲ್ಲರ ಬಾಯಲ್ಲಿ ಸಿ.ಎಂ. ಪೂಣಚ್ಚ. 1950ರ ಜನವರಿ 26ಕ್ಕೆ ಸಂವಿಧಾನ ಜಾರಿಗೆ ಬಂದಾಗ ರಾಜ್ಯಗಳನ್ನ ಎ, ಬಿ, ಸಿ ಅಂತ ವಿಂಗಡಿಸಿದ್ರು, ಮೈಸೂರು ಬಿ ಆಯ್ತು, ಕೊಡಗು ಸಿ ಆಯ್ತು. ಸಿ ಅಂದ್ರೆ ಹೆಚ್ಚುಕಮ್ಮಿ ಕೇಂದ್ರದ ಸುಪರ್ದಿಲಿರೋ ರಾಜ್ಯ, ಗವರ್ನರ್ ಬದಲು ಚೀಫ್ ಕಮಿಷನರ್. ಆದ್ರೂ ರಾಜ್ಯ ರಾಜ್ಯವೇ, 1951ರ ಪಾರ್ಟ್ ಸಿ ರಾಜ್ಯಗಳ ಕಾಯ್ದೆ ಬಂದ ಮೇಲೆ ಅದಕ್ಕೆ 24 ಜನರ ವಿಧಾನಸಭೆ, ಮುಖ್ಯಮಂತ್ರಿ, ಎಲ್ಲಾ ಬಂತು. ಮುಖ್ಯಮಂತ್ರಿ ಇದೇ ಪೂಣಚ್ಚ, ಅವರ ಜೊತೆ ಇನ್ನೊಬ್ಬರು ಮಂತ್ರಿ ಕೆ. ಮಲ್ಲಪ್ಪ. ಅಷ್ಟೇ, ಕ್ಯಾಬಿನೆಟ್ ಮುಗೀತು! ಈಗಿನ ಕಾಲದಲ್ಲಿ ನಿಗಮ ಮಂಡಳಿ ಅಧ್ಯಕ್ಷರಿಗೇ ಕ್ಯಾಬಿನೆಟ್ ದರ್ಜೆ ಕೊಡೋದನ್ನ ನೋಡಿದವರಿಗೆ ಇದು ನಂಬೋಕಾಗಲ್ಲ.

ಇಂಥ ರಾಜ್ಯಕ್ಕೆ ಲೋಕಸಭೇಲಿ ಒಂದು ಸೀಟು. ಇಡೀ ರಾಜ್ಯವೇ ಒಂದು ಕ್ಷೇತ್ರ, ಹಾಗಾಗಿ ಗಡಿ ಎಲ್ಲಿ ಎಳೀಬೇಕು ಅನ್ನೋ ತಲೆಬಿಸಿಯೇ ಇಲ್ಲ.

ಪ್ರಶ್ನೆ: ನಾನು ಕೆಎಎಸ್‌ಗೆ ಓದ್ತಿದೀನಿ. ಮೂಲ ಸಂವಿಧಾನದ 81ನೇ ವಿಧಿಲಿ 5 ಲಕ್ಷದಿಂದ 7.5 ಲಕ್ಷ ಜನಕ್ಕೆ ಒಬ್ಬ ಎಂಪಿ ಅಂತ ಇತ್ತು. ಆಗ ಕೊಡಗಿನ ಜನಸಂಖ್ಯೆ ಅಷ್ಟಿರ್ಲಿಲ್ಲ ಅಲ್ವಾ, ಹಾಗಾದ್ರೆ ಸೀಟು ಕೊಟ್ಟಿದ್ದು ಹೇಗೆ? (ಧಾರವಾಡದಿಂದ)

ಒಳ್ಳೇ ಪ್ರಶ್ನೆ, ಓದಿದವರಿಗೇ ಹೊಳೆಯೋದು ಇದು. 1951ರ ಜನಗಣತಿಲಿ ಕೊಡಗಿನ ಜನ ಸುಮಾರು 2.29 ಲಕ್ಷ. 81ನೇ ವಿಧಿಯ ಲೆಕ್ಕ ಹಿಡಿದ್ರೆ ಅರ್ಧ ಎಂಪಿನೂ ಬರಲ್ಲ. ಆದ್ರೆ ಅದರ ಪಕ್ಕದ 82ನೇ ವಿಧಿ ನೋಡಿ, ಈಗಿನದ್ದಲ್ಲ, 1950ರಲ್ಲಿ ಇದ್ದದ್ದು. ಪಾರ್ಟ್ ಸಿ ರಾಜ್ಯಗಳಿಗೆ ಬೇರೆ ಲೆಕ್ಕದಲ್ಲಿ ಪ್ರಾತಿನಿಧ್ಯ ಕೊಡೋಕೆ ಪಾರ್ಲಿಮೆಂಟು ಕಾನೂನು ಮಾಡಬಹುದು ಅಂತ ಅಲ್ಲಿತ್ತು. ಆ ಬಾಗಿಲಿಂದ ಒಳಗೆ ಬಂದದ್ದು ಕೊಡಗಿನ ಸೀಟು. ಕೊಡಗು ಒಂದೇ ಅಲ್ಲ, ಹಿಮಾಚಲದ ಹತ್ರ ಬಿಲಾಸ್‌ಪುರ ಅಂತ ಇನ್ನೊಂದು ಪುಟಾಣಿ ಪಾರ್ಟ್ ಸಿ ರಾಜ್ಯ ಇತ್ತು, ಅದಕ್ಕೂ ಒಂದು ಸೀಟು, ಅಲ್ಲಿ ಹಳೇ ರಾಜ ಆನಂದ್ ಚಂದ್ ಅವರೇ ಅವಿರೋಧವಾಗಿ ಆಯ್ಕೆಯಾದ್ರು, 1954ಕ್ಕೆ ಆ ರಾಜ್ಯವೇ ಹಿಮಾಚಲದೊಳಗೆ ಹೋಯ್ತು.

ಪರೀಕ್ಷೆಗೆ ಓದೋರು ಗಮನಿಸ್ಬೇಕಾದ್ದು ಏನಂದ್ರೆ 1956ರ ಏಳನೇ ತಿದ್ದುಪಡಿ ಈ ಎ ಬಿ ಸಿ ವಿಂಗಡಣೆನ ತೆಗೆದುಹಾಕಿ ಈ ವಿಧಿಗಳನ್ನೂ ಬದಲಾಯಿಸ್ತು, ಆದ್ದರಿಂದ ಈಗಿನ ಪುಸ್ತಕ ತೆಗೆದು 82 ನೋಡಿದ್ರೆ ಜನಗಣತಿ ಆದ ಮೇಲೆ ಸೀಟು ಮರುಹೊಂದಿಸೋ ವಿಷಯ ಸಿಗುತ್ತೆ, ಕೊಡಗಿನ ಕತೆಗೆ ಅದು ಸಂಬಂಧ ಇಲ್ಲ, ಗೊಂದಲ ಮಾಡ್ಕೋಬೇಡಿ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡ್ತೀನಿ, ಯಾಕಂದ್ರೆ ಮುಂದಿನ ಎಲ್ಲಾ ಪ್ರಶ್ನೆಗೂ ಇದೇ ಬುಡ. ಕೊಡಗಿಗೆ ಎಂಪಿ ಸಿಕ್ಕಿದ್ದು ಕೊಡಗಿನ ಜನಸಂಖ್ಯೆಯಿಂದ ಅಲ್ಲ, ಅದರ ಸಂಸ್ಕೃತಿಯಿಂದಾನೂ ಅಲ್ಲ, ಕಾಫಿಯಿಂದಾನೂ ಅಲ್ಲ. ರಾಜ್ಯ ಅನ್ನೋ ದರ್ಜೆ ಇತ್ತು, ಅದಕ್ಕೆ ಅಂಟಿಕೊಂಡು ಸೀಟು ಬಂತು. ದರ್ಜೆ ಹೋದ ದಿನ ಸೀಟಿಗೆ ಆಧಾರವೂ ಹೋಯ್ತು. ಯಾರೋ ದಿಲ್ಲಿಲಿ ಕೂತು ಕೊಡಗಿನ ಎಂಪಿ ಸೀಟನ್ನ ಕಿತ್ಕೊಳ್ಳೋಣ ಅಂತ ಪ್ಲಾನ್ ಮಾಡಿದ್ದು ಅನ್ನೋ ಥರ ಕೆಲವರು ಬರೀತಾರೆ, ಹಾಗೇನೂ ಇಲ್ಲ.

ಪ್ರಶ್ನೆ: ಲೋಕಸಭೆ ಆಯ್ತು, ರಾಜ್ಯಸಭೆಗೆ ಕೊಡಗಿನಿಂದ ಯಾರಾದ್ರೂ ಇದ್ರಾ? (ಮಡಿಕೇರಿಯಿಂದ)

ಇಲ್ಲಿದೆ ನೋಡಿ ಮಜಾ. ರಾಜ್ಯಸಭೆಲಿ ಕೊಡಗಿಗೆ ಇದ್ದದ್ದು ಪಾಲುದಾರಿಕೆಯ ಸೀಟು, ಪಾಲುದಾರ ಯಾರು ಅಂದ್ರೆ ಮೈಸೂರಲ್ಲ, ಮದ್ರಾಸಲ್ಲ, ರಾಜಸ್ಥಾನದ ನಟ್ಟನಡುವೆ ಇರೋ ಅಜ್ಮೀರ್! ಸಂವಿಧಾನದ ನಾಲ್ಕನೇ ಅನುಸೂಚಿಲಿ ಅಜ್ಮೀರ್ ಮತ್ತು ಕೊಡಗು ಎರಡನ್ನೂ ಒಂದು ಬ್ರಾಕೆಟ್ಟಿಗೆ ಹಾಕಿ ಎದುರಿಗೆ 1 ಅಂತ ಬರೆದಿದ್ರು. ಒಂದು ಸೈಕಲ್ಲಿಗೆ ಇಬ್ಬರು ಅಣ್ಣತಮ್ಮಂದಿರು ಇದ್ದ ಹಾಗೆ, ಒಂದು ಸರದಿ ಅವರದ್ದು, ಒಂದು ಸರದಿ ಇವರದ್ದು. ಆ ಮರಳುಗಾಡಿನ ಅಂಚಿನ ಊರಿಗೂ ನಮ್ಮ ಮಳೆಗಾಲದ ಮಡಿಕೇರಿಗೂ ಇದ್ದ ಒಂದೇ ನಂಟು ಎರಡೂ ಹಿಂದೆ ಚೀಫ್ ಕಮಿಷನರ್ ಪ್ರಾಂತ್ಯಗಳಾಗಿದ್ವು ಅನ್ನೋದು. ಮಣಿಪುರ ತ್ರಿಪುರಕ್ಕೂ ಹೀಗೇ ಒಂದು ಜಂಟಿ ಸೀಟಿತ್ತು, ಆದ್ರೆ ಅವು ಅಕ್ಕಪಕ್ಕದ ಕಡೆಯವು ಅಂತಾದ್ರೂ ಹೇಳಬಹುದು.

ಪ್ರಶ್ನೆ: ನೀವು ಸುಲಭವಾಗಿ ವಿಲೀನ ಅಂತ ಬರೀತೀರಿ. ಕೊಡಗಿನ ಜನರನ್ನ ಯಾರಾದ್ರೂ ಕೇಳಿದ್ರಾ? ರಾಜ್ಯ ಹೋಯ್ತು, ಅಸೆಂಬ್ಲಿ ಹೋಯ್ತು, ಎಂಪಿ ಹೋಯ್ತು. ಇದು ಮೋಸ ಅಲ್ದೆ ಇನ್ನೇನು? (ವಿರಾಜಪೇಟೆಯಿಂದ)

ಸಿಟ್ಟು ಅರ್ಥ ಆಗುತ್ತೆ, ಆದ್ರೆ ಮೋಸ ಅನ್ನೋ ಮಾತು ನಾನು ಒಪ್ಪಲ್ಲ. ಕೇಳಿದ್ರು, ಒಂದು ರೀತಿಲಿ. 1952ರ ಕೊಡಗು ವಿಧಾನಸಭೆ ಚುನಾವಣೆ ನಡೆದದ್ದೇ ಈ ವಿಷಯದ ಮೇಲೆ. ಒಂದು ಕಡೆ ಪೂಣಚ್ಚನವರ ಕಾಂಗ್ರೆಸ್, ಜೋಡೆತ್ತಿನ ಗುರುತು, ಮೈಸೂರಿನ ಜೊತೆ ಸೇರೋದಕ್ಕೆ ಒಲವು ಇದ್ದ ಬಣ. ಇನ್ನೊಂದು ಕಡೆ ತಕ್ಕಡಿ ಪಾರ್ಟಿ ಅಂತ ಜನ ಕರೀತಿದ್ದ ಗುಂಪು, ಅದರ ಮುಂದಾಳು ಪಂದ್ಯಂಡ ಬೆಳ್ಯಪ್ಪ, ಕೊಡಗಿನ ಗಾಂಧಿ ಅಂತ ಹೆಸರು ಪಡೆದವರು, ಕೊಡಗು ಬೇರೆಯಾಗೇ ಇರಬೇಕು ಅನ್ನೋ ವಾದ. ಇಬ್ಬರೂ ಸ್ವಾತಂತ್ರ್ಯ ಹೋರಾಟದಿಂದ ಬಂದವರು, ಖಾದಿ ಉಟ್ಟವರು ಇವರು, ಕೊಡಗಿನ ವೈರಿ ಅವರು ಅಂತ ಗೆರೆ ಎಳೆಯೋಕೆ ಆಗಲ್ಲ. ರಿಸಲ್ಟ್ ಬಂದಾಗ 24ರಲ್ಲಿ ಕಾಂಗ್ರೆಸ್ಸಿಗೆ 15, ಉಳಿದ 9 ಪಕ್ಷೇತರರ ಲೆಕ್ಕದಲ್ಲಿ. ಲೋಕಸಭೆ ಸೀಟೂ ಕಾಂಗ್ರೆಸ್ಸಿಗೇ ಹೋಯ್ತು.

ಈಗ ಇದನ್ನ ಹೇಗೆ ಓದ್ತೀರಿ ಅನ್ನೋದ್ರ ಮೇಲೆ ಜಗಳ. ಬಹುಮತ ಬಂತು, ಹಾಗಾಗಿ ಜನ ಒಪ್ಪಿದ್ರು ಅನ್ನಬಹುದು. 24ರಲ್ಲಿ 9 ಅಂದ್ರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ, ನೆಹರು ಅಲೆ ಜೋರಾಗಿದ್ದ ಚುನಾವಣೇಲಿ ಇಷ್ಟು ಸೀಟು ಕಾಂಗ್ರೆಸ್ ಕೈತಪ್ಪಿತು ಅಂದ್ರೆ ವಿರೋಧ ಸಣ್ಣದಲ್ಲ ಅಂತಾನೂ ಅನ್ನಬಹುದು. ನನ್ನ ಪ್ರಕಾರ ಎರಡೂ ನಿಜ. ಜನಮತಗಣನೆ ಅಂತ ಬೇರೆ ಮಾಡಲಿಲ್ಲ, ಅದು ದೇಶದಲ್ಲಿ ಬೇರೆ ಸಿ ರಾಜ್ಯಗಳಿಗೂ ಮಾಡಲಿಲ್ಲ.

ಆಮೇಲೆ 1953ರ ಡಿಸೆಂಬರಿನಲ್ಲಿ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗ ಬಂತು, 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಸಿ ರಾಜ್ಯಗಳ ಬಗ್ಗೆ ಅವರ ಅಭಿಪ್ರಾಯ ಖಡಕ್ಕಾಗಿತ್ತು: ದುಡ್ಡಿಗೆ ಕೇಂದ್ರದ ಕಡೆ ನೋಡ್ಬೇಕು, ಆಡಳಿತವೂ ಅಷ್ಟಕ್ಕಷ್ಟೇ, ಇವನ್ನ ಹೀಗೆ ಇಟ್ಕೊಳ್ಳೋದ್ರಲ್ಲಿ ಅರ್ಥ ಇಲ್ಲ ಅಂತ. ಕೊಡಗನ್ನ ಕನ್ನಡ ರಾಜ್ಯಕ್ಕೆ ಸೇರಿಸಿ ಅಂದ್ರು. 1956ರ ನವೆಂಬರ್ 1ಕ್ಕೆ ಹೊಸ ಮೈಸೂರು ರಾಜ್ಯ ಆದಾಗ ಕೊಡಗು ಅದರ ಒಂದು ಜಿಲ್ಲೆ. ಅವತ್ತೇ ಅಜ್ಮೀರ್ ರಾಜಸ್ಥಾನಕ್ಕೆ ಹೋಯ್ತು, ಭೋಪಾಲ್, ವಿಂಧ್ಯ ಪ್ರದೇಶ ಮಧ್ಯಪ್ರದೇಶಕ್ಕೆ ಹೋದವು. ಕೊಡಗಿಗೆ ಮಾತ್ರ ಆದ ಅನ್ಯಾಯ ಅಂತ ಹೇಳೋರು ಈ ಪಟ್ಟಿ ಒಮ್ಮೆ ನೋಡ್ಬೇಕು.

ಆದ್ರೆ ನಿಮ್ಮ ಮಾತಲ್ಲಿ ಒಂದು ಕಡೆ ನಾನು ನಿಮ್ಮ ಜೊತೆಗೇ ಇದೀನಿ. ಎಲ್ಲರೂ ಎಂಪಿ ಸೀಟು ಹೋದದ್ದನ್ನ ದೊಡ್ಡದು ಮಾಡ್ತಾರೆ, ನಿಜವಾದ ನಷ್ಟ ಅಲ್ಲಿ ಅಲ್ಲ. 489 ಜನರ ಸಭೆಲಿ ಒಬ್ಬ ಎಂಪಿ ಎಷ್ಟು ಮಾತಾಡ್ತಾರೆ ಹೇಳಿ. ಮಡಿಕೇರಿಲೇ 24 ಜನ ಶಾಸಕರು ಕೂತು ಕೊಡಗಿನ ರಸ್ತೆ, ಶಾಲೆ, ಕಾಡು, ಜಮ್ಮಾ ಜಮೀನು (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಇದನ್ನೆಲ್ಲ ಮಾತಾಡ್ತಿದ್ರಲ್ಲ, ಅದು ಹೋಯ್ತು. ಸುಮಾರು ಹತ್ತು ಸಾವಿರ ಜನಕ್ಕೆ ಒಬ್ಬ ಶಾಸಕ, ಅಂದ್ರೆ ಈಗಿನ ಒಂದು ದೊಡ್ಡ ಗ್ರಾಮ ಪಂಚಾಯ್ತಿ ಲೆಕ್ಕ. ಈಗ ಇಡೀ ಜಿಲ್ಲೆಗೆ ಇಬ್ಬರು, ಮಡಿಕೇರಿ ಮತ್ತು ವಿರಾಜಪೇಟೆ. ಸೋಮವಾರಪೇಟೆ ಅಂತ ಮೂರನೇದು ಇತ್ತು, ಅದೂ 2008ರ ವಿಂಗಡಣೆಲಿ ಹೋಯ್ತು.

ಪ್ರಶ್ನೆ: 1956ರ ನವೆಂಬರ್ 1ಕ್ಕೆ ಕೊಡಗು ರಾಜ್ಯ ಹೋದಾಗ ಸೋಮಣ್ಣನವರ ಎಂಪಿ ಪದವಿ ಅವತ್ತೇ ಹೋಯ್ತಾ? (ತುಮಕೂರಿನಿಂದ)

ಇಲ್ಲ. ಪುನರ್ವಿಂಗಡಣಾ ಕಾಯ್ದೆಲೇ ಅದಕ್ಕೆ ದಾರಿ ಇತ್ತು, ಇರೋ ಎಂಪಿಗಳು ಹೊಸ ರಾಜ್ಯದಿಂದ ಆಯ್ಕೆಯಾದವರು ಅಂತ ಲೆಕ್ಕಕ್ಕೆ ತಗೊಂಡ್ರು. ಮೊದಲ ಲೋಕಸಭೆ ವಿಸರ್ಜನೆ ಆದದ್ದು 1957ರ ಏಪ್ರಿಲ್ 4ಕ್ಕೆ, ಅಲ್ಲಿವರೆಗೂ ರಾಜ್ಯ ಇಲ್ದೇ ಇದ್ರೂ ಎಂಪಿ ಇದ್ರು.

ಪ್ರಶ್ನೆ: ಸಿ.ಎಂ. ಪೂಣಚ್ಚ ಮಂಗಳೂರು ಎಂಪಿ ಆಗಿದ್ರು ಅಂತ ನಮ್ಮ ತಂದೆ ಹೇಳ್ತಿದ್ರು. ಅವರು ಕೊಡಗಿನ ಮುಖ್ಯಮಂತ್ರಿ ಅಲ್ವಾ? ಇಬ್ಬರೂ ಒಬ್ಬರೇನಾ? (ಸುಳ್ಯದಿಂದ)

ಒಬ್ಬರೇ. ನಿಮ್ಮ ತಂದೆ ಹೇಳಿದ್ದು ಸರಿ. ರಾಜ್ಯ ಮುಗಿದ ಮೇಲೆ ಪೂಣಚ್ಚ ಮೈಸೂರು ಸರ್ಕಾರದಲ್ಲಿ ಮಂತ್ರಿಯಾದ್ರು, 1967ರಲ್ಲಿ ಮಂಗಳೂರು ಲೋಕಸಭಾ ಕ್ಷೇತ್ರದಿಂದ ಗೆದ್ರು. ಆಗ ಕೊಡಗು ಮಂಗಳೂರು ಕ್ಷೇತ್ರದೊಳಗೇ ಇತ್ತು. ಸಂಪಾಜೆ ಘಾಟಿ ಮೇಲೊಂದು ಲೋಕ, ಕೆಳಗೊಂದು ಲೋಕ, ಮೇಲೆ ಕಾಫಿ ಏಲಕ್ಕಿ, ಕೆಳಗೆ ಅಡಿಕೆ ಗೇರು ಬೀಡಿ ಹಂಚು ಮೀನು, ಎರಡಕ್ಕೂ ಒಬ್ಬರೇ ಎಂಪಿ. ಹೊಂದಾಣಿಕೆ ಅಷ್ಟೇನೂ ಕೆಟ್ಟದಾಗಿರ್ಲಿಲ್ಲ ಅಂತ ನನಗನ್ಸುತ್ತೆ, ಯಾಕಂದ್ರೆ ಸುಳ್ಯ ಪುತ್ತೂರಿಗೂ ಮಡಿಕೇರಿಗೂ ವ್ಯಾಪಾರ, ಸಂಬಂಧ, ಅರೆಭಾಷೆ ಎಲ್ಲಾ ಮೊದಲಿಂದ ಇದ್ದದ್ದೇ. ಆದ್ರೆ ವೋಟಿನ ತೂಕ ಯಾವಾಗ್ಲೂ ಕೆಳಗಡೆಗೇ ಜಾಸ್ತಿ. 1977ರಿಂದ ಜನಾರ್ದನ ಪೂಜಾರಿ, 1991ರಿಂದ ಧನಂಜಯ ಕುಮಾರ್, 2004ರಲ್ಲಿ ಸದಾನಂದ ಗೌಡ, ಎಲ್ಲರೂ ಕರಾವಳಿ ಜಿಲ್ಲೆಯ ರಾಜಕಾರಣದವರೇ. ಕೊಡಗಿನವರು ಅಂತ ಆ ಸೀಟಲ್ಲಿ ಕೂತು ಹೆಸರು ಮಾಡಿದ್ದು ಪೂಣಚ್ಚ.

ಒಂದು ತಮಾಷೆ ಹೇಳ್ಲೇಬೇಕು. ಪೂಣಚ್ಚ 1967ರಿಂದ 1969ರವರೆಗೆ ಕೇಂದ್ರದ ರೈಲ್ವೆ ಮಂತ್ರಿ. ಅವರ ಸ್ವಂತ ಜಿಲ್ಲೆಗೆ ಅವತ್ತೂ ಒಂದು ಇಂಚು ರೈಲ್ವೆ ಹಳಿ ಇರ್ಲಿಲ್ಲ, ಇವತ್ತೂ ಇಲ್ಲ. ಕೊಡಗಿನಲ್ಲಿ ರೈಲು ಬೇಕಾ ಬೇಡ್ವಾ ಅನ್ನೋದೇ ದೊಡ್ಡ ಜಗಳ, ಕಾಡು ಹಾಳಾಗುತ್ತೆ ಅನ್ನೋರು ಒಂದು ಕಡೆ, ಮೈಸೂರಿನಿಂದ ಕುಶಾಲನಗರದ ತನಕ ಆದ್ರೂ ಬರ್ಲಿ ಅನ್ನೋರು ಇನ್ನೊಂದು ಕಡೆ, ಅದಕ್ಕೆ ಬೇರೆ ಅಂಕಣವೇ ಬೇಕು. ಆಮೇಲೆ ಅವರು ಮಧ್ಯಪ್ರದೇಶ, ಒಡಿಶಾಗಳಿಗೆ ರಾಜ್ಯಪಾಲರೂ ಆದ್ರು.

2008ರ ವಿಂಗಡಣೆಲಿ ಕೊಡಗನ್ನ ಮಂಗಳೂರಿನಿಂದ ಬಿಡಿಸಿ ಮೈಸೂರಿಗೆ ಹಾಕಿದ್ರು, ಮಂಗಳೂರು ದಕ್ಷಿಣ ಕನ್ನಡ ಅನ್ನೋ ಹೆಸರಾಯ್ತು. ಈಗ ಮಡಿಕೇರಿ, ವಿರಾಜಪೇಟೆ ಎರಡು ಸೇರಿ, ಪಿರಿಯಾಪಟ್ಟಣ, ಹುಣಸೂರು, ಚಾಮುಂಡೇಶ್ವರಿ ಮತ್ತು ಮೈಸೂರು ಸಿಟಿಯ ಮೂರು, ಒಟ್ಟು ಎಂಟು ವಿಧಾನಸಭಾ ಕ್ಷೇತ್ರ. ಪೇಪರಿನವರು ಮೈಸೂರು-ಕೊಡಗು ಅಂತ ಬರೀತಾರೆ, ಚುನಾವಣಾ ಆಯೋಗದ ದಾಖಲೆಲಿ ಬರೀ ಮೈಸೂರು.

ಪ್ರಶ್ನೆ: ನಮ್ಮ ಕುಷ್ಟಗಿಯೂ ಒಂದು ಕಾಲದಲ್ಲಿ ಲೋಕಸಭಾ ಕ್ಷೇತ್ರ ಆಗಿತ್ತಂತೆ ಹೌದೇನ್ರಿ? (ಕುಷ್ಟಗಿಯಿಂದ)

ಹೌದ್ರಿ, ಆಗಿತ್ತು! ಹೈದರಾಬಾದ್ ರಾಜ್ಯದೊಳಗೆ ಕುಷ್ಟಗಿ, ಯಾದಗಿರಿ ಎರಡೂ 1952ರಲ್ಲಿ ಲೋಕಸಭಾ ಕ್ಷೇತ್ರಗಳು. ಕುಷ್ಟಗಿಯಿಂದ ಅಳವಂಡಿಯ ಶಿವಮೂರ್ತಿ ಸ್ವಾಮಿಯವರು ಪಕ್ಷೇತರರಾಗಿ ಗೆದ್ದಿದ್ರು, ಕಾಂಗ್ರೆಸ್ ಅಲೆಲಿ ಅದು ಸಣ್ಣ ಸಾಧನೆ ಅಲ್ಲ. 1957ಕ್ಕೆ ಆ ಕಡೆ ಕೊಪ್ಪಳ ಕ್ಷೇತ್ರ ಆಯ್ತು, 1962ರಲ್ಲಿ ಅದೇ ಸ್ವಾಮಿಯವರು ಕೊಪ್ಪಳದಿಂದ ಮತ್ತೆ ಗೆದ್ರು.

ಆ ಮೊದಲ ಚುನಾವಣೆಯ ಪಟ್ಟಿ ಓದಿದ್ರೆ ನಮ್ಮ ಕರ್ನಾಟಕ ಎಷ್ಟು ತುಂಡಾಗಿತ್ತು ಅಂತ ಗೊತ್ತಾಗುತ್ತೆ. ಮೈಸೂರು ರಾಜ್ಯದ ಪಾಲು ಬರೀ 11 ಸೀಟು, ಅದರಲ್ಲಿ ಹಾಸನ-ಚಿಕ್ಕಮಗಳೂರು ಅಂತ ಜೋಡಿ ಹೆಸರಿನದೊಂದು. ಬೆಳಗಾಂ ಉತ್ತರ, ಬೆಳಗಾಂ ದಕ್ಷಿಣ ಬಾಂಬೆ ರಾಜ್ಯದಲ್ಲಿ. ಮದ್ರಾಸ್ ರಾಜ್ಯದಲ್ಲಿ ಸೌತ್ ಕೆನರಾ ನಾರ್ತ್, ಸೌತ್ ಕೆನರಾ ಸೌತ್, ಒಂದರಲ್ಲಿ ಶ್ರೀನಿವಾಸ ಮಲ್ಯ, ಇನ್ನೊಂದರಲ್ಲಿ ಪತ್ರಕರ್ತ ಬಿ. ಶಿವರಾವ್. 1957ರಲ್ಲಿ ಒಂದಾದ ಮೇಲೆ 26 ಸೀಟು ಆಯ್ತು, ಈಗಿನ 28 ಬಂದದ್ದು 1977ರ ಚುನಾವಣೆಗೆ. ಇಂದಿರಾ ಗಾಂಧಿ 1978ರಲ್ಲಿ ಗೆದ್ದ ಚಿಕ್ಕಮಗಳೂರು, ದೇವೇಗೌಡರ ಮತ್ತು ಡಿ.ಕೆ. ಶಿವಕುಮಾರ್ ಕುಟುಂಬದ ಜಗಳ ಕಂಡ ಕನಕಪುರ ಇವೂ 2008ಕ್ಕೆ ಅದೇ ಹೆಸರಲ್ಲಿ ಉಳೀಲಿಲ್ಲ, ಆದ್ರೆ ಅವು ದಶಕಗಟ್ಟಲೆ ಬಾಳಿದವು.

ಪ್ರಶ್ನೆ: ಮುಂದಿನ ಮರುವಿಂಗಡಣೆಲಿ ಕೊಡಗಿಗೆ ಮತ್ತೆ ಸ್ವಂತ ಸೀಟು ಸಿಗೋ ಚಾನ್ಸ್ ಇದೆಯಾ? ಲಕ್ಷದ್ವೀಪಕ್ಕೆ ಕೊಡ್ತಾರೆ, ನಮಗೆ ಯಾಕಿಲ್ಲ? (ಗೋಣಿಕೊಪ್ಪಲಿನಿಂದ)

ಲೆಕ್ಕ ಹಾಕೋಣ. 2011ರ ಜನಗಣತಿಲಿ ಕೊಡಗು 5.54 ಲಕ್ಷ, ಕರ್ನಾಟಕ 6.11 ಕೋಟಿ. 28 ಸೀಟಿಗೆ ಭಾಗಿಸಿದ್ರೆ ಒಂದಕ್ಕೆ ಸುಮಾರು 21.8 ಲಕ್ಷ. ಅಂದ್ರೆ ಕೊಡಗು ಒಂದು ಕ್ಷೇತ್ರದ ಕಾಲು ಭಾಗ. ಕರ್ನಾಟಕದ ಸೀಟು ಡಬಲ್ ಮಾಡಿ 56 ಮಾಡಿದ್ರೂ ಅರ್ಧ ಭಾಗವೇ. ಬರೀ ಜನಸಂಖ್ಯೆ ಮೇಲೆ ಕೊಡಗಿಗೆ ಒಂದು ಪೂರ್ತಿ ಸೀಟು ಬರಬೇಕು ಅಂದ್ರೆ ರಾಜ್ಯಕ್ಕೆ 110 ಸೀಟು ಬೇಕು, ಅದು ಆಗೋ ಮಾತಲ್ಲ.

ಲಕ್ಷದ್ವೀಪಕ್ಕೆ 64 ಸಾವಿರ ಜನಕ್ಕೇ ಒಬ್ಬ ಎಂಪಿ ಇದ್ದಾರೆ ಅಂದ್ರೆ ಅದು ಕೇಂದ್ರಾಡಳಿತ ಪ್ರದೇಶ ಅನ್ನೋ ಕಾರಣಕ್ಕೆ, 1952ರಲ್ಲಿ ಕೊಡಗಿಗೆ ಸಿಕ್ಕಿದ ಹಾಗೇ, ದರ್ಜೆಯಿಂದ. ಸಿಕ್ಕಿಂ ನೋಡಿ, 6.1 ಲಕ್ಷ ಜನ, ಕೊಡಗಿಗಿಂತ ಸ್ವಲ್ಪವೇ ಜಾಸ್ತಿ, ಅವರಿಗೆ ಲೋಕಸಭೆಲಿ ಒಂದು, ರಾಜ್ಯಸಭೆಲಿ ಒಂದು, 32 ಶಾಸಕರು. ಕೊಡವರ ಸಂಘಟನೆಗಳು ಸ್ವಾಯತ್ತೆ ಬೇಕು, ಪ್ರತ್ಯೇಕ ಕ್ಷೇತ್ರ ಬೇಕು ಅಂತ ಕೇಳೋವಾಗ ಈ ಹೋಲಿಕೆ ತಲೇಲಿ ಇರುತ್ತೆ, ಅದರಲ್ಲಿ ತಪ್ಪೂ ಇಲ್ಲ. ಆದ್ರೆ ಜಿಲ್ಲೆಯೊಳಗೆ ಕೊಡವರು ಮಾತ್ರ ಇಲ್ಲ, ಅರೆಭಾಷೆ ಗೌಡರು, ಯರವರು, ಕುರುಬರು, ಮಲಯಾಳಿಗಳು, ಬ್ಯಾರಿಗಳು, ಸೋಮವಾರಪೇಟೆ ಕಡೆಯ ಲಿಂಗಾಯತರು ಎಲ್ಲಾ ಇದ್ದಾರೆ, ಎಲ್ಲರೂ ಅದನ್ನೇ ಕೇಳ್ತಿಲ್ಲ.

ದರ್ಜೆ ಬದಲಾಗದೆ ಸೀಟು ಸಿಕ್ಕ ಉದಾಹರಣೆ ಬೇಕು ಅಂದ್ರೆ ಲಡಾಖ್ ಇದೆ, 2011ರಲ್ಲಿ 2.74 ಲಕ್ಷ ಜನ, 2019ಕ್ಕೆ ಬೇರೆ ಆಗೋ ಮುಂಚೆ ಜಮ್ಮು ಕಾಶ್ಮೀರದ ಭಾಗವಾಗಿದ್ದಾಗಲೇ ಅದಕ್ಕೆ ಸ್ವಂತ ಕ್ಷೇತ್ರ ಇತ್ತು. ಮರುವಿಂಗಡಣಾ ಕಾಯ್ದೆಲಿ ಭೂಗೋಳ, ಆಡಳಿತದ ಗಡಿ, ಓಡಾಟದ ಸೌಕರ್ಯ ನೋಡಿ ಅಂತ ಇದೆ, ಆ ವಾದ ಲಡಾಖಿಗೆ ನಡೀತು. ಹಿಮದಲ್ಲಿ ತಿಂಗಳುಗಟ್ಟಲೆ ರಸ್ತೆ ಮುಚ್ಚೋ ಲಡಾಖಿನ ಪಕ್ಕ, ಮೈಸೂರಿನಿಂದ ಮೂರು ಗಂಟೆಲಿ ತಲುಪೋ ಕೊಡಗನ್ನ ಇಟ್ಟು ಅದೇ ವಾದ ಗೆಲ್ಲೋದು ಕಷ್ಟ. ನನ್ನ ಕೇಳಿದ್ರೆ ಎಂಪಿ ಸೀಟಿಗಿಂತ ಕಳೆದುಹೋದ ಸೋಮವಾರಪೇಟೆ ವಿಧಾನಸಭಾ ಸೀಟನ್ನ ವಾಪಸ್ ಕೇಳೋದು ಜಾಣತನ. ಮರುವಿಂಗಡಣಾ ಆಯೋಗ ಊರೂರಿಗೆ ಬಂದು ಸಾರ್ವಜನಿಕ ಅಹವಾಲು ಕೇಳೋವಾಗ ಆ ಅರ್ಜಿ ಹಿಡ್ಕೊಂಡು ಹೋಗಿ.